'ಓಕೆ' ಅಂದ್ರೆ ಏನರ್ಥ ಸ್ವಾಮಿ?

ಇವತ್ತು ರಾಜಕೀಯ ಬೇಡ. ಒಂದೇ ಒಂದು ಪದದ ಬಗ್ಗೆ ಮಾತಾಡೋಣ. ಬೆಳಗ್ಗೆಯಿಂದ ನೀವೂ ಹತ್ತಾರು ಸಲ ಆ ಪದ ಹೇಳಿರ್ತೀರಿ. 'ಓಕೆ'.

ಮನೆಯಿಂದ ಫೋನ್ ಬರುತ್ತೆ, "ಬರ್ತಾ ಹಾಲು ತನ್ನಿ." ನೀವು "ಓಕೆ" ಅಂತೀರಿ. ಅಂದರೆ, ತರ್ತೀನಿ ಅಂತ. ಆಫೀಸಿನಲ್ಲಿ ಬಾಸ್ ಅರ್ಧ ಗಂಟೆ ಬೈತಾರೆ, "ಓಕೆ ಸಾರ್" ಅಂತೀರಿ. ಅಂದರೆ, ಕೇಳಿಸಿಕೊಂಡೆ ಅಂತ. ಒಪ್ಪಿದೆ ಅಂತ ಅಲ್ಲ! ಬಿದ್ದ ಮಗುವನ್ನು ಎತ್ತಿಕೊಂಡು "ಓಕೆನಾ ಪುಟ್ಟಾ?" ಅಂದರೆ, ಪೆಟ್ಟಾಯ್ತಾ ಅಂತ. ಮದುವೆ ಊಟ ಹೇಗಿತ್ತು ಅಂತ ಕೇಳಿದ್ದಕ್ಕೆ "ಓಕೆ" ಅಂದರೆ, ಅಷ್ಟಕ್ಕಷ್ಟೇ ಅಂತ. ಫೋನಿನಲ್ಲಿ "ಓಕೆ ಓಕೆ" ಅಂದರೆ, ಮಾತು ಸಾಕು, ಇಡಿ ಅಂತ.

ಈ ಪದ ಹುಟ್ಟಿದ್ದೇ ತಮಾಷೆಯಿಂದ. 1839ರ ಮಾರ್ಚ್ 23. ಅಮೆರಿಕದ ಬೋಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆ. ಆಗ ಅಲ್ಲಿ ಬೇಕಂತಲೇ ಸ್ಪೆಲಿಂಗ್ ತಪ್ಪು ಬರೆದು, ಅದನ್ನು ಚುಟುಕು ಮಾಡೋ ಖಯಾಲಿ ಇತ್ತು. 'ಆಲ್ ಕರೆಕ್ಟ್' ಅನ್ನೋದನ್ನ 'ಓಲ್ ಕೊರೆಕ್ಟ್' ಮಾಡಿ, ಓ.ಕೆ. ಅಂದರು. 'ಎಲ್ಲ ಸರಿ' ಅಂತ ಹೇಳೋ ಪದ ಹುಟ್ಟಿದ್ದೇ ತಪ್ಪು ಸ್ಪೆಲಿಂಗ್‌ನಿಂದ!

ಇಲ್ಲಿಯವರೆಗೆ ನಗು. ಇನ್ನು ಮುಂದೆ ನಗು ಬರೋದಿಲ್ಲ.

1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು. ಒಂದು ಕೆಎಲ್‌ಎಂ, ಇನ್ನೊಂದು ಪ್ಯಾನ್ ಆಮ್. ಇವರಿಗೆ ಅವರು ಕಾಣಲ್ಲ, ಅವರಿಗೆ ಇವರು ಕಾಣಲ್ಲ. ಟವರ್‌ನಲ್ಲಿ ಕೂತವನಿಗೆ ಇಬ್ಬರೂ ಕಾಣಲ್ಲ. ಎಲ್ಲರಿಗೂ ಇದ್ದ ಆಸರೆ ಒಂದೇ, ರೇಡಿಯೋದಲ್ಲಿ ಕೇಳೋ ಮಾತು.

ಮೇಲೇರಿದ ಮೇಲೆ ಯಾವ ದಾರಿ ಹಿಡೀಬೇಕು ಅನ್ನೋ ಸೂಚನೆ ಕೆಎಲ್‌ಎಂಗೆ ಸಿಕ್ಕಿತ್ತು. ಮೇಲೇರೋ ಅನುಮತಿ ಸಿಕ್ಕಿರಲಿಲ್ಲ. ಆದರೂ ವಿಮಾನ ಓಡೋಕೆ ಶುರು ಮಾಡಿತು. ಸಹ ಪೈಲಟ್ ರೇಡಿಯೋದಲ್ಲಿ, "ನಾವೀಗ ಟೇಕಾಫ್‌ನಲ್ಲಿದ್ದೇವೆ" ಅನ್ನೋ ಅರ್ಥದ ಮಾತು ಹೇಳಿದ. ಟವರ್‌ನಿಂದ ಬಂದ ಉತ್ತರ, "ಓಕೆ." ಒಂದು ಕ್ಷಣ ಬಿಟ್ಟು, "ಕಾಯಿರಿ, ನಾನು ಕರೆಯುತ್ತೇನೆ" ಅಂದ. ಅದೇ ಹೊತ್ತಿಗೆ ಪ್ಯಾನ್ ಆಮ್, "ನಾವಿನ್ನೂ ರನ್‌ವೇ ಮೇಲೇ ಇದ್ದೇವೆ" ಅಂತ ಹೇಳಿತು. ಎರಡು ಮಾತು ಒಂದರ ಮೇಲೊಂದು ಬಿದ್ದು, ಕೆಎಲ್‌ಎಂ ಒಳಗೆ ಕೀರಲು ಸದ್ದು. ಸ್ಪಷ್ಟವಾಗಿ ಕೇಳಿಸಿದ್ದು 'ಓಕೆ' ಮಾತ್ರ.

583 ಜನ ಸತ್ತರು. ಕೆಎಲ್‌ಎಂನಲ್ಲಿ ಒಬ್ಬರೂ ಉಳಿಯಲಿಲ್ಲ.

ಒಂದು ಪದ ಇಷ್ಟೂ ಜನರನ್ನ ಕೊಂದಿತು ಅಂದರೆ ತಪ್ಪಾಗುತ್ತೆ. ಮಂಜಿತ್ತು, ಅವಸರವಿತ್ತು, ಅನುಮತಿಯಿಲ್ಲದೆ ಓಡಿಸಿದ್ದಿತ್ತು. ಆದರೆ ತಡೆಯಬಹುದಾಗಿದ್ದ ಕೊನೆಯ ಕ್ಷಣದಲ್ಲಿ ಬಂದ ಪದಕ್ಕೆ ಹತ್ತು ಅರ್ಥ ಇತ್ತು. ಹೇಳಿದವನದ್ದು ಒಂದು, ಕೇಳಿದವರದ್ದು ಇನ್ನೊಂದು.

ಆಮೇಲೆ ವಿಮಾನಯಾನದವರು ಮಾತನ್ನೇ ಬಿಗಿ ಮಾಡಿದರು. ಇವತ್ತು ಅಲ್ಲಿ 'ರಾಜರ್' ಅಂದರೆ ಕೇಳಿಸಿತು, ಅಷ್ಟೇ. 'ವಿಲ್ಕೋ' ಅಂದರೆ ಅರ್ಥವಾಯಿತು, ಹಾಗೇ ಮಾಡ್ತೀನಿ. 'ಅಫರ್ಮ್' ಅಂದರೆ ಹೌದು. 'ಟೇಕಾಫ್' ಅನ್ನೋ ಪದ ಮೇಲೇರೋ ಅನುಮತಿ ಕೊಡುವಾಗ, ಇಲ್ಲವೇ ಅದನ್ನ ರದ್ದು ಮಾಡುವಾಗ ಮಾತ್ರ. ಮುಖ್ಯ ಸೂಚನೆಗಳಿಗೆ ಬರೀ 'ಓಕೆ' ನಡೆಯಲ್ಲ. ಹೇಳಿದ್ದನ್ನ ಪೈಲಟ್ ತಿರುಗಿ ಒಪ್ಪಿಸಬೇಕು.

ಈ ಕಥೆ ನಾನ್ಯಾಕೆ ಹೇಳ್ತಿದ್ದೀನಿ? ನಾನೂ ಒಮ್ಮೆ ಹೀಗೇ ಎಡವಿದ್ದೀನಿ. ಹೊಸದಾಗಿ ಆ್ಯಂಕರ್ ಆಗಿದ್ದೆ. ಒಂದು ಬಸ್ ಅಪಘಾತ. ನೇರಪ್ರಸಾರ. ವರದಿಗಾರನ ಲೈನ್ ಕಟ್ ಆಗಿ ಆಗಿ ಬರ್ತಿತ್ತು. "ಸತ್ತವರು ಆರು ಜನಾನಾ?" ಅಂತ ಕೇಳಿದೆ. "ಓಕೆ ಸಾರ್, ಓಕೆ" ಅಂದ. ಪಾಪ, ಅವನು ಹೇಳಿದ್ದು 'ಈಗ ನಿಮ್ಮ ದನಿ ಕೇಳಿಸ್ತಿದೆ' ಅಂತ. ನಾನು ಹೌದು ಅಂತ ತಿಳಿದು, ಆರು ಅಂದುಬಿಟ್ಟೆ. ಸತ್ತಿದ್ದು ಮೂವರು. ಐದು ನಿಮಿಷದಲ್ಲಿ ತಿದ್ದಿ ಕ್ಷಮೆ ಕೇಳಿದೆವು. ಆದರೆ ಆ ಬಸ್ಸಿನಲ್ಲಿ ತಮ್ಮವರನ್ನ ಕಳಿಸಿ ಟಿವಿ ಮುಂದೆ ಕೂತಿದ್ದ ಮನೆಗಳಲ್ಲಿ ಆ ಐದು ನಿಮಿಷ ಹೇಗಿತ್ತೋ? ಅದಕ್ಕೆ ಯಾವ ಕ್ಷಮೆ ಸಾಕು?

ಈಗ ನಿಮ್ಮ ಮನೆಗೆ ಬನ್ನಿ. ಆಸ್ಪತ್ರೆಯಲ್ಲಿ "ಈ ಮಾತ್ರೆ ಊಟಕ್ಕೆ ಮುಂಚೆ, ಇದು ಆಮೇಲೆ, ಓಕೆನಾ?" ಅಂತಾರೆ. ವಯಸ್ಸಾದ ಅಪ್ಪ "ಓಕೆ ಡಾಕ್ಟ್ರೇ" ಅಂತಾರೆ. ಯಾವುದು ಮುಂಚೆ, ಯಾವುದು ಆಮೇಲೆ? ಬಾಗಿಲು ದಾಟೋಷ್ಟರಲ್ಲಿ ಮರೆತಿರ್ತಾರೆ. ಬ್ಯಾಂಕಿನಲ್ಲಿ ಕಾಗದ ಮುಂದಿಟ್ಟು "ಓಕೆನಾ?" ಅಂತಾರೆ. ಓದದೇ "ಓಕೆ" ಅಂದು ಸಹಿ ಹಾಕ್ತೀವಿ.

ನಮ್ಮಜ್ಜಿ ವಿಮಾನ ಹತ್ತಿದವರಲ್ಲ. ಆದರೆ ಅಂಗಡಿಗೆ ಕಳಿಸುವಾಗ "ಹ್ಞೂಂ" ಅಂದು ಓಡಿದರೆ ಬಿಡ್ತಿರಲಿಲ್ಲ. "ನಿಲ್ಲೋ, ಏನೇನು ತರ್ತೀಯ, ಹೇಳು ನೋಡೋಣ" ಅಂತಿದ್ದರು. ವಿಮಾನಯಾನದವರ ನಿಯಮವೂ ಅದೇ ಅಲ್ವಾ?

ಹಾಲು ತರೋದಕ್ಕೆ 'ಓಕೆ' ಸಾಕು. ಜೀವ, ದುಡ್ಡು, ಸಹಿಯ ವಿಚಾರ ಬಂದಾಗ ಮಾತ್ರ ಒಂದು ನಿಮಿಷ ನಿಲ್ಲಿ. "ಏನಂತ ತಿಳ್ಕೊಂಡ್ರಿ, ಹೇಳಿ ನೋಡೋಣ" ಅಂತ ಕೇಳಿ.