ಕುರುಗೋಡು ಕ್ಷೇತ್ರ ಎಲ್ಲಿ ಹೋಯ್ತು?

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಲ್ಲಿ ಮೂವರನ್ನು ಊಹಿಸಿಕೊಳ್ತೀನಿ: ಒಬ್ಬರು ಬಳ್ಳಾರಿ ನಗರದವರು, ಒಬ್ಬರು ಸಿರುಗುಪ್ಪದವರು, ಇನ್ನೊಬ್ಬರು ನಮ್ಮ ಕುರುಗೋಡಿನವರು.

ಮೂವರದ್ದೂ ಒಂದೇ ಜಿಲ್ಲೆ. ಆದ್ರೆ ನಗರದವರಿಗೆ ವಿಧಾನಸಭೆ ಕ್ಷೇತ್ರ ಸಾಮಾನ್ಯ, ಲೋಕಸಭೆ ಎಸ್‌ಟಿ ಮೀಸಲು. ಸಿರುಗುಪ್ಪದವರಿಗೆ ಉಲ್ಟಾ: ವಿಧಾನಸಭೆ ಎಸ್‌ಟಿ ಮೀಸಲು, ಲೋಕಸಭೆಗೆ ಅವರು ಕೊಪ್ಪಳದ ಮತದಾರರು, ಅದು ಸಾಮಾನ್ಯ. ಕುರುಗೋಡು ಪಟ್ಟಣದವರಿಗೆ ಎರಡೂ ಮೀಸಲು. ನಮ್ಮ ವಿಧಾನಸಭಾ ಕ್ಷೇತ್ರದ ಹೆಸರೀಗ ಕಂಪ್ಲಿ.

2004ರ ಚುನಾವಣೆವರೆಗೂ ಕುರುಗೋಡು ಅಂತಲೇ ಒಂದು ಕ್ಷೇತ್ರ ಇತ್ತು. 2008ರ ಮರುವಿಂಗಡಣೆಯಲ್ಲಿ ಅದು ಹೋಯ್ತು. ನಮ್ಮ ತಾತ ಪ್ರತಿ ಚುನಾವಣೆಗೂ ಅದನ್ನೇ ಹೇಳೋರು, "ನಮ್ಮೂರ ಹೆಸರೇ ಅಳಿಸಿಬಿಟ್ರು ನೋಡಪ್ಪ".

ಇದನ್ನು ಒಮ್ಮೆ ವಾಲ್ಮೀಕಿ ಸಮುದಾಯದ ಗೆಳತಿಗೆ ಹೇಳಿದೆ. ಅವಳು ಕೇಳಿದಳು, "ನಿಮ್ಮೂರ ಹೆಸರು ಹೋಯ್ತು ಅಂತೀಯಲ್ಲ, ಇಡೀ ರಾಜ್ಯದಲ್ಲಿ ಎಸ್‌ಟಿಗೆ ಎಷ್ಟು ಸೀಟು ಇದ್ವು, ಗೊತ್ತಾ?" ನನಗೆ ಗೊತ್ತಿರಲಿಲ್ಲ.

224ರಲ್ಲಿ ಬರೀ 2. ಯಾಕಂದ್ರೆ ಆ ಲೆಕ್ಕ 1971ರ ಜನಗಣತಿಯದ್ದು. ನಾಯಕರ ಜೊತೆಗೆ ಬೇಡ, ವಾಲ್ಮೀಕಿ ಅನ್ನೋ ಹೆಸರುಗಳು ಎಸ್‌ಟಿ ಪಟ್ಟಿಗೆ ಸೇರಿದ್ದು 1991ರಲ್ಲಿ. 2001ರ ಗಣತಿಯಲ್ಲಿ ಎಸ್‌ಟಿ ಪಾಲು ಶೇ 6.5ರಷ್ಟಾಯ್ತು. ಅದರ ಮೇಲೆ ಲೆಕ್ಕ ಹಾಕಿದಾಗ 2 ಇದ್ದದ್ದು 15 ಆಯ್ತು. ಇವತ್ತಿನ ಬಳ್ಳಾರಿ ಜಿಲ್ಲೆಯ ಐದರಲ್ಲಿ ನಾಲ್ಕು ಎಸ್‌ಟಿ ಮೀಸಲು: ಸಿರುಗುಪ್ಪ, ಕಂಪ್ಲಿ, ಸಂಡೂರು, ಬಳ್ಳಾರಿ ಗ್ರಾಮೀಣ.

ಅಂದ್ರೆ ತಾತ ಕಳ್ಕೊಂಡದ್ದು ಒಂದು ಹೆಸರು. ಗೆಳತಿಯ ಸಮುದಾಯಕ್ಕೆ ಸಿಕ್ಕಿದ್ದು ತಡವಾಗಿ ಬಂದ ಹಕ್ಕು.

ಆದ್ರೆ ಇನ್ನೊಂದು ಮುಖಾನೂ ಇದೆ. ಸಿರುಗುಪ್ಪದ ಒಬ್ಬ ದಲಿತ ಯುವತಿ ಅಥವಾ ಮುಸ್ಲಿಂ ಯುವಕ ತಮ್ಮೂರಿಂದ ವಿಧಾನಸಭೆಗೆ ನಿಲ್ಲೋ ಹಾಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಮೀಸಲಾತಿ ಸರದಿ ಪ್ರಕಾರ ಬದಲಾಗುತ್ತೆ, ಇಲ್ಲಿ ಮತ್ತೆ ಮರುವಿಂಗಡಣೆ ಆಗೋವರೆಗೂ ಅದೇ. ಕಾನೂನಿನ ಪ್ರಕಾರ ಎಸ್‌ಸಿ ಸೀಟುಗಳನ್ನು ರಾಜ್ಯದ ಬೇರೆಬೇರೆ ಭಾಗಗಳಿಗೆ ಹಂಚಬೇಕು, ಎಸ್‌ಟಿ ಸೀಟುಗಳನ್ನು ಅವರ ಪ್ರಮಾಣ ಅತಿ ಹೆಚ್ಚಿರೋ ಕಡೆ ಇಡಬೇಕು. ಅದಕ್ಕೇ ನಮ್ಮ ಜಿಲ್ಲೆಯಲ್ಲಿ ಒಟ್ಟೊಟ್ಟಿಗೆ ಬಂದಿವೆ.

ಇದರಲ್ಲಿ ಯಾರದ್ದೂ ತಪ್ಪಿಲ್ಲ. ಆದ್ರೆ ಗೆರೆ ಎಲ್ಲಿ ಬೀಳುತ್ತೆ ಅನ್ನೋದು ಯಾರು ನಿಲ್ಲಬಹುದು ಅನ್ನೋದನ್ನ ನಿರ್ಧರಿಸುತ್ತೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಆ ಗೆರೆಯನ್ನು ಗೆದ್ದ ಶಾಸಕರೇ ಎಳೀತಾರೆ. ನಮ್ಮಲ್ಲಿ ಅದಕ್ಕೆ ಆಯೋಗ ಇರುತ್ತೆ. ಕಳೆದ ಸಲ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರಾಗಿದ್ದರು. ಆಯೋಗ ಮೊದಲು ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಿತ್ತು.

ಮುಂದಿನ ಸಲ ಕರಡು ಬಂದಾಗ ಅದರಲ್ಲಿ ನಿಮ್ಮೂರು ಎಲ್ಲಿದೆ ಅಂತ ಹುಡುಕಿ. ಆಕ್ಷೇಪಣೆ ಇದ್ರೆ ಬರೆದು ಕೊಡಿ. ನಾನಂತೂ ಆ ಸಭೆಗೆ ಹೋಗ್ತೀನಿ, ಗೆಳತಿನೂ ಬರ್ತೀನಿ ಅಂದಿದ್ದಾಳೆ. ಇಬ್ಬರೂ ಒಂದೇ ಮಾತು ಹೇಳ್ತೀವಿ ಅಂತೇನಿಲ್ಲ, ಆದ್ರೆ ಇಬ್ಬರೂ ಅಲ್ಲಿರ್ತೀವಿ.