ಸ್ಪೀಕರು ಕೊಳ್ಳುವಾಗ ವಾಟಿಗೆ ಮರುಳಾಗಬೇಡಿ

(ವಡೋದರೆಯ ಆಲ್ಕಾಪುರಿಯಲ್ಲಿ ಸೇರಿದ್ದ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಪುರಾಣದ ಅಲಕಾಪುರಿ ಕುಬೇರನ ಪಟ್ಟಣ. ಅದೇ ಹೆಸರು ಹೊತ್ತ ಈ ಬಡಾವಣೆಯಲ್ಲಿ ಇಂದು ಸೇರಿರುವ ನಾವು ಕುಬೇರರಲ್ಲ, ದುಡಿದು ಉಣ್ಣುವವರು. ಆದರೂ ದೀಪಾವಳಿಯ ಬೋನಸ್ಸು ಕೈಗೆ ಬಂದಾಗ, ಮನೆಯಲ್ಲಿ ಕುಳಿತು ನಾಲ್ಕು ಒಳ್ಳೆಯ ಹಾಡು ಕೇಳಬೇಕೆಂಬ ಆಸೆ ನಮಗೂ ಉಂಟು. ಆ ಹಣ ಪೋಲಾಗಬಾರದೆಂಬುದೇ ಈ ಮಾತಿನ ಉದ್ದೇಶ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ವಾಟು. ಅಗ್ಗದ ಸೆಟ್ಟುಗಳ ಮೇಲೆ ಪಿ.ಎಂ.ಪಿ.ಒ. ಎಂದು ಸಾವಿರಗಟ್ಟಲೆ ವಾಟು ಅಚ್ಚಾಗಿರುವುದುಂಟು. ಅದು ಒಂದು ಕ್ಷಣದ ಲೆಕ್ಕವೇ ಹೊರತು ಹಾಡಿನುದ್ದಕ್ಕೂ ದೊರೆಯುವ ಶಕ್ತಿಯಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಸ್ಪೀಕರಿಗೆ ಒಂದು ವಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆ? ಇದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಕಪಾಟಿನ ಮೇಲಿಡುವ ಸಣ್ಣ ಸ್ಪೀಕರುಗಳಲ್ಲಿ 85ರ ಆಸುಪಾಸು ಸಾಮಾನ್ಯ. 90 ದಾಟಿದರೆ ಅದು ಹೆಚ್ಚು ದಕ್ಷತೆಯದು.

ಐದು ಅಂಕೆಯ ವ್ಯತ್ಯಾಸವೇನು ಮಹಾ ಎನ್ನಬೇಡಿ. ಮೂರು ಡೆಸಿಬೆಲ್ ಏರಿಸಲು ವಾಟು ಇಮ್ಮಡಿಯಾಗಬೇಕು. ಹತ್ತು ಏರಿಸಲು ಹತ್ತು ಪಟ್ಟಾಗಬೇಕು. 94 ಡೆಸಿಬೆಲ್ಲಿನ ಸ್ಪೀಕರು ಒಂದು ವಾಟಿನಲ್ಲಿ ಮಾಡುವ ಕೆಲಸಕ್ಕೆ 84ರದು ಹತ್ತು ವಾಟು ಬೇಡುತ್ತದೆ. ಹಾಗೆಯೇ 50 ವಾಟಿನ ಆಂಪ್ಲಿಫಯರು ಬಿಟ್ಟು 100ರದಕ್ಕೆ ಹೆಚ್ಚು ಹಣ ತೆತ್ತರೆ ದಕ್ಕುವುದು ಬರೀ ಮೂರು ಡೆಸಿಬೆಲ್. ಸ್ಪೀಕರು ದಕ್ಷವಾಗಿದ್ದರೆ, ಸಣ್ಣ ಮನೆಗೆ ಹತ್ತಿಪ್ಪತ್ತು ವಾಟಿನ ಆಂಪ್ಲಿಫಯರು ಧಾರಾಳವಾಗಿ ಸಾಕು.

ಹಾಗಾದರೆ ಅಂಕೆ ಹೆಚ್ಚಿದ್ದುದನ್ನು ಕಣ್ಣು ಮುಚ್ಚಿ ಕೊಳ್ಳಬಹುದೇ? ಕೂಡದು. ಅಮೆರಿಕದಲ್ಲಿ 1957ರಲ್ಲಿ ಕೆ.ಎಲ್.ಎಚ್. ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು 'ಕಬ್ಬಿಣದ ನಿಯಮ'ವಿದೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚು ದಕ್ಷತೆ – ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಡಲೇಬೇಕು. ಬಿ.ಬಿ.ಸಿ.ಯವರು 1970ರ ದಶಕದಲ್ಲಿ ರೂಪಿಸಿದ ಪ್ರಸಿದ್ಧ ಎಲ್.ಎಸ್. 3/5ಎ ಎಂಬ ಪುಟ್ಟ ಸ್ಪೀಕರು ಧ್ವನಿಯ ಶುದ್ಧತೆಗೆ ಹೆಸರುವಾಸಿ. ಅದರ ಸೆನ್ಸಿಟಿವಿಟಿ ಸುಮಾರು 83 ಮಾತ್ರ. ಚಿಕ್ಕ ಪೆಟ್ಟಿಗೆಯಲ್ಲಿ ದಕ್ಷತೆ ಬೇಕೆನ್ನುವವರು ಮಂದ್ರವನ್ನು ಸ್ವಲ್ಪ ತ್ಯಾಗ ಮಾಡಬೇಕು. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿರುವ ಸೋದರನ ದೃಷ್ಟಿಯಿಂದ ಇದು ಒಳ್ಳೆಯ ತ್ಯಾಗವೇ! ಗೋಡೆಗೆ ತುಸು ಹತ್ತಿರ ಇಟ್ಟರೆ ಹೋದ ಮಂದ್ರದಲ್ಲಿ ಒಂದಿಷ್ಟು ಮರಳಿ ಬರುತ್ತದೆ.

ಅಂಕೆ ಓದುವಾಗಲೂ ಎಚ್ಚರ ಬೇಕು. ಕೆಲವರು 'ಒಂದು ವಾಟು' ಎನ್ನುವ ಬದಲು '2.83 ವೋಲ್ಟು' ಎಂದು ಬರೆಯುತ್ತಾರೆ. ಎಂಟು ಓಮಿನ ಸ್ಪೀಕರಿಗೆ ಅದು ಒಂದು ವಾಟು. ನಾಲ್ಕು ಓಮಿನದಕ್ಕೆ ಎರಡು ವಾಟು. ಆದ್ದರಿಂದ ನಾಲ್ಕು ಓಮಿನದರ ಅಂಕೆಯಲ್ಲಿ ಮೂರು ಕಳೆದು ಹೋಲಿಸಿರಿ.

ಕೊನೆಯ ತೀರ್ಪು ಕಿವಿಯದು. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಗುಂಡಿಯನ್ನು ಒಂದೇ ಕಡೆ ನಿಲ್ಲಿಸಿದರೆ ದಕ್ಷವಾದದ್ದು ಜೋರಾಗಿ ಕೇಳಿಸುತ್ತದೆ. ಜೋರಾದದ್ದೇ ಚೆನ್ನೆಂದು ಕಿವಿ ಮೋಸಹೋಗುತ್ತದೆ. ಎರಡರ ಶಬ್ದವನ್ನೂ ಸಮಮಾಡಿಸಿ ಕೇಳಿರಿ. ಅಂಗಡಿಯವರ ಢಂಢಂ ಸಂಗೀತ ಬೇಡ, ನಿಮಗೆ ಪರಿಚಯವಿರುವ ಕಂಠವನ್ನು ಹಾಕಿಸಿರಿ. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಒಂದು ಕಾಲದಲ್ಲಿ ಇದೇ ಬಡೋದೆಯ ದರಬಾರಿನಲ್ಲಿ ಹಾಡಿದವರು. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಗಡಸು ಕಂಠ ಯಾವ ಪೆಟ್ಟಿಗೆಯಲ್ಲಿ ತೆಳ್ಳಗಾಗದೆ, ಕರ್ಕಶವಾಗದೆ, ಎದುರಿಗೆ ಕುಳಿತು ಹಾಡಿದಂತೆ ಕೇಳಿಸುತ್ತದೆಯೋ ಆ ಪೆಟ್ಟಿಗೆಗೆ ಹಣ ಕೊಡಿರಿ.

ಯಂತ್ರದ ಮುಂದೆ ದುಡಿಯುವ ನಮಗೆ ದಕ್ಷತೆಯ ಬೆಲೆ ಯಾರೂ ಕಲಿಸಬೇಕಾಗಿಲ್ಲ. ಕಡಿಮೆ ಉಂಡು ಹೆಚ್ಚು ದುಡಿಯೆಂದು ಮನುಷ್ಯನಿಗೆ ಹೇಳುವುದು ಅನ್ಯಾಯ. ಸ್ಪೀಕರಿಗೆ ಹೇಳಿದರೆ ತಪ್ಪಿಲ್ಲ.