ಮಾಮಾನ ಗಾಡಿ, ನಾಲ್ಕು ಟೈರು

ಅಡುಗೆ, ಆರೋಗ್ಯ, ಹೂಡಿಕೆಯ ಬಗ್ಗೆ ಇಲ್ಲಿ ಒಳ್ಳೊಳ್ಳೆಯ ಮಾತು ಕೇಳಿದ್ದೇವೆ. ನಾನು ಟೈರಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯದರ್ಶಿಯವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಡೊಂಬಿವಲಿಯ ನಮ್ಮ ಮಾಮಾನ ಹತ್ತಿರ ಒಂದು ಸ್ಯಾನ್ ಸ್ಟಾರ್ಮ್ ಇತ್ತು. ನಿಮ್ಮಲ್ಲಿ ಬಹಳ ಜನ ಈ ಹೆಸರೇ ಕೇಳಿರಲಿಕ್ಕಿಲ್ಲ. ಬೆಂಗಳೂರಿನ ಸ್ಯಾನ್ ಸಮೂಹದವರು ಗೋವಾದಲ್ಲಿ ತಯಾರಿಸಿದ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಫೈಬರ್ ಮೈ, ರೆನೋ ಎಂಜಿನ್. ಧಾರವಾಡದಿಂದ ಬಂದು ನೌಕರಿ ಮಾಡಿಕೊಂಡಿದ್ದ ಮಾಮಾ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಭಾನುವಾರ ತೊಳೆಯುವುದು, ಒರೆಸುವುದು, ಸೊಸೈಟಿ ಸುತ್ತ ಒಂದು ಸುತ್ತು. ಅವನು ಹೋದ ಮೇಲೆ ಮಾಮಿ ಕೀಲಿ ನನ್ನ ಕೈಗೆ ಕೊಟ್ಟರು. ನೋಂದಣಿಯ ಹದಿನೈದು ವರ್ಷ ಮಾಮಾ ಇದ್ದಾಗಲೇ ಮುಗಿದು, ನವೀಕರಣವೂ ಆಗಿತ್ತು.

ಹೋದ ಜುಲೈ ತಿಂಗಳಲ್ಲಿ ಐರೋಲಿಯ ಆಫೀಸಿಗೆ ಅದನ್ನೇ ತಗೊಂಡು ಹೊರಟೆ. ಶೀಳಫಾಟಾ ದಾಟಿ ಮಹಾಪೆ ಕಡೆ ಇಳಿಯುವ ತಿರುವಿನಲ್ಲಿ ಮಳೆ. ವೇಗ ಐವತ್ತೂ ಇರಲಿಲ್ಲ. ಬ್ರೇಕ್ ಮುಟ್ಟಿದ್ದಷ್ಟೇ ನೆನಪು, ಗಾಡಿಯ ಹಿಂಭಾಗ ಜಾರಿ ಬಂದು ಡಿವೈಡರ್ ಕಡೆ ಮುಖ ಮಾಡಿ ನಿಂತೆ. ಹಿಂದೆ ಬರುತ್ತಿದ್ದ ಟ್ರಕ್ಕಿನವನು ಹೇಗೋ ನಿಲ್ಲಿಸಿಕೊಂಡ. ಪಕ್ಕದ ಸೀಟಿನಲ್ಲಿ ನನ್ನ ಬ್ಯಾಗ್ ಮಾತ್ರ ಇತ್ತು. ಹಿಂದಿನ ಸಂಜೆ ಅದೇ ಸೀಟಿನಲ್ಲಿ ಮಗಳು ಕೂತಿದ್ದಳು.

ಬದಿಗೆ ನಿಲ್ಲಿಸಿ ಟೈರ್ ನೋಡಿದೆ. ಗಾಡಿ ಓಡಿದ್ದೇ ಕಡಿಮೆ, ಗೀರುಗಳೆಲ್ಲ ಆಳವಾಗಿಯೇ ಇದ್ದವು. ಹೊಸದರಂತೆ ಕರ್ರಗೆ ಹೊಳೆಯುತ್ತಿದ್ದವು. ಪಕ್ಕದ ಗೋಡೆಯ ಮೇಲೆ ಡಿ.ಒ.ಟಿ. ಅಂತ ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕೆ: 3108. ಅಂದರೆ 2008ರ 31ನೇ ವಾರ ತಯಾರಾದದ್ದು. ಆಗ ನಾನು ಧಾರವಾಡದಲ್ಲಿ ಪಿಯುಸಿ ಓದುತ್ತಿದ್ದೆ! ರಬ್ಬರು ಬಿಸಿಲಿಗೆ, ಗಾಳಿಗೆ, ಸುಮ್ಮನೆ ನಿಂತರೂ ಗಟ್ಟಿಯಾಗುತ್ತದೆ. ಉಗುರಿನಿಂದ ಒತ್ತಿದರೆ ಪ್ಲಾಸ್ಟಿಕ್ ಒತ್ತಿದ ಹಾಗೆ ಇತ್ತು. ಗೀರು ಎಷ್ಟೇ ಉಳಿದಿದ್ದರೂ ಹತ್ತು ವರ್ಷಕ್ಕೆ ತೆಗೆದುಬಿಡಿ ಎಂದು ದೊಡ್ಡ ಟೈರ್ ಕಂಪನಿಗಳೇ ಹೇಳುತ್ತವೆ. ಎಂ.ಟೆಕ್. ಮಾಡಿದ ನಾನು ಈ ನಾಲ್ಕು ಅಂಕೆ ಒಮ್ಮೆಯೂ ಓದಿರಲಿಲ್ಲ.

ಮಾಮಿಗೆ ಹೇಳುವುದೇ ಕಷ್ಟವಾಯಿತು. "ಏನವ್ವಾ, ಇನ್ನೂ ಹೊಸಾವ ಕಾಣ್ತಾವಲ್ಲ, ಯಾಕ ತಗೀತಿ? ನಿಮ್ಮ ಮಾಮಾ ಎಷ್ಟ ಜ್ವಾಕಿ ಮಾಡಿದ್ರು" ಅಂದರು. ಜಾರಿದ್ದನ್ನು ಅವರಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಎದ್ದು ಒಳಗೆ ಹೋದರು, ಹೊರಗೆ ಬಂದಾಗ ಪರ್ಸ್ ತಂದಿದ್ದರು.

ಕಲ್ಯಾಣ-ಶೀಳ ರಸ್ತೆಯ ಒಂದು ಅಂಗಡಿಗೆ ಹೋದರೆ ಅಲ್ಲಿಯವನ ಮೊದಲ ಪ್ರಶ್ನೆ: "ಸಾಹೇಬರು ಬಂದಿಲ್ವಾ ಮ್ಯಾಡಂ?" ಎರಡನೆಯ ಮಾತು: "ಸ್ಪೋರ್ಟ್ಸ್ ಗಾಡಿ ಅಂದ್ರೆ ಅಗಲ ಟೈರೇ ಬೇಕು, 175/70 ಹಾಕಿ." ಗಾಡಿಯಲ್ಲಿದ್ದದ್ದು 165/65 ಆರ್ 13. ಈ ಅಂಕೆಗಳ ಲೆಕ್ಕ ಸುಲಭ. 165 ಅಂದರೆ ಮಿಲಿಮೀಟರಿನಲ್ಲಿ ಅಗಲ, ಅದರ ನೂರಕ್ಕೆ 65 ಪಾಲು ಪಕ್ಕದ ಗೋಡೆಯ ಎತ್ತರ, 13 ಅಂದರೆ ರಿಮ್ಮಿನ ಇಂಚು. ಕೂಡಿಸಿದರೆ ಚಕ್ರದ ಪೂರ್ತಿ ವ್ಯಾಸ ಸುಮಾರು 545 ಮಿ.ಮೀ. ಅವನು ಹೇಳಿದ್ದು 575. ಅಂದರೆ ಮೀಟರು 80 ತೋರಿಸುವಾಗ ಗಾಡಿ 84 ದಾಟಿರುತ್ತದೆ. ಮಡ್‌ಗಾರ್ಡಿಗೆ ಉಜ್ಜಬಹುದು. ಅಂಗಡಿಯಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಆಮೇಲೆ ಸಾಹೇಬರನ್ನು ಕೇಳಲಿಲ್ಲ.

ಇನ್ನೊಂದು, ಹಗುರ ಗಾಡಿಗೆ ಅಗಲ ಟೈರ್ ಹಾಕಿದರೆ ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ನಿಂತ ನೀರನ್ನು ಸೀಳುವ ಬದಲು ಟೈರು ಅದರ ಮೇಲೆ ತೇಲುವುದು ಬೇಗ. ನಮ್ಮ ಥಾಣೆ ಜಿಲ್ಲೆಯ ಮಳೆಗೆ ಅದು ಬೇಡವೇ ಬೇಡ. ಬೆಣ್ಣೆ ಸವರಲು ಅಗಲ ಚಾಕು, ಕತ್ತರಿಸಲು ಸಣ್ಣ ಅಂಚು, ಅಲ್ಲವೇ? ಸ್ಟೀರಿಂಗೂ ಭಾರವಾಗುತ್ತದೆ. ಇಂದಿನ ಟೈರಿನ ರಬ್ಬರು ಹಳೆಯದಕ್ಕಿಂತ ಎಷ್ಟೋ ಉತ್ತಮ, ಹಿಡಿತಕ್ಕಾಗಿ ಅಗಲ ಹೆಚ್ಚಿಸುವ ಅಗತ್ಯವೇ ಇರಲಿಲ್ಲ. ಚಂದಕ್ಕೆ ಅಂದರೆ ಬೇರೆ ಮಾತು.

ಹಾಗಾಗಿ ಅದೇ ಅಳತೆ ಹುಡುಕಿದೆ. 13 ಇಂಚಿನ ಟೈರು ಈಗ ಕಡಿಮೆಯಾಗುತ್ತಿವೆ. ಸಿಗದಿದ್ದರೆ 155/70 ಆರ್ 13 ಆಗಬಹುದು ಅಂತ ಇಟ್ಟುಕೊಂಡಿದ್ದೆ. ವ್ಯಾಸ 547, ವ್ಯತ್ಯಾಸ ಇಲ್ಲವೆನ್ನುವಷ್ಟು. ಅಳತೆಯ ಮುಂದೆ 77ಟಿ ಅಂತಿರುತ್ತದಲ್ಲ, 77 ಎಂದರೆ ಒಂದು ಟೈರು 412 ಕಿಲೋ ಹೊರುತ್ತದೆ, ಟಿ ಎಂದರೆ 190 ಕಿ.ಮೀ. ವೇಗದ ತನಕ. ಬದಲಿ ಟೈರಿನಲ್ಲಿ ಇವೆರಡೂ ಗಾಡಿಗೆ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಒಂದು ಅಂಗಡಿಯವನು ಸರಿಯಾದ ಅಳತೆಯದೇ ತಂದ, ಆದರೆ ಮೂರು ವರ್ಷ ಗೋದಾಮಿನಲ್ಲಿ ಕೂತದ್ದು. ವಾಪಸ್ ಕಳಿಸಿದೆ. ಕೊನೆಗೆ ತುರ್ಭೆಯಲ್ಲಿ ಎರಡು ತಿಂಗಳ ಹಿಂದಿನವು ಸಿಕ್ಕವು. ನಾಲ್ಕೂ ಒಟ್ಟಿಗೆ ಹಾಕಿಸಿದೆ, ವಾಲ್ವ್ ಹೊಸದು, ಅಲೈನ್‌ಮೆಂಟ್ ಮಾಡಿಸಿದೆ. ಹೊಸ ಟೈರಿನ ಮೇಲ್ಮೈ ಮೊದಲು ಸ್ವಲ್ಪ ನುಣುಪು, ಆದ್ದರಿಂದ ಇನ್ನೂರು-ಮುನ್ನೂರು ಕಿಲೋಮೀಟರ್ ನಿಧಾನ ಓಡಿಸಿದೆ.

ಅದೇ ತಿರುವಿನಲ್ಲಿ ಮತ್ತೆ ಮಳೆಯಲ್ಲಿ ಹೋದೆ. ಕೈ ನಡುಗಿತು, ಗಾಡಿ ನಡುಗಲಿಲ್ಲ. ಮಾಮಿ ಪಕ್ಕದಲ್ಲಿದ್ದರು. ಮಹಾಪೆ ಬಂದ ಮೇಲೆ ಕೇಳಿದರು, "ಸ್ಟೆಪ್ನಿ ಬದಲಿ ಮಾಡೀಯೇನು?"

ಮಾಡಿರಲಿಲ್ಲ. ಅದೂ 3108. ಈ ಶನಿವಾರ ಹೋಗುತ್ತಿದ್ದೇನೆ. ನೀವೂ ಇಂದು ಮನೆಗೆ ಹೋಗುವ ಮುನ್ನ ಪಾರ್ಕಿಂಗಿನಲ್ಲಿ ಬಗ್ಗಿ ಆ ನಾಲ್ಕು ಅಂಕೆ ಓದಿ, ನನಗೆ ವಾಟ್ಸಾಪ್ ಮಾಡಿ.